ಟ್ರಿಗರ್‌ಗೆ ಮೋಟಾರ್ ನೇರ ಬೇಡ, ಮಧ್ಯೆ ರಿಲೇ ಹಾಕಿ

ನಮಸ್ಕಾರ ಸರ್. ಹೋಮ್ ಥಿಯೇಟರ್ ರಿಸೀವರ್ ಆನ್ ಮಾಡಿದರೆ ಪ್ರೊಜೆಕ್ಟರ್ ಸ್ಕ್ರೀನ್ ತಾನೇ ಇಳಿಯಬೇಕು, ಅದರ 12 ವೋಲ್ಟ್ ಟ್ರಿಗರ್‌ನಿಂದ (ಬೇರೆ ಉಪಕರಣಕ್ಕೆ ಆನ್ ಆಗುವ ಸೂಚನೆ ಕೊಡುವ ಸಾಕೆಟ್) ಸ್ಕ್ರೀನಿನ ಮೋಟಾರಿಗೆ ನೇರ ವೈರ್ ಎಳೆಯಬಹುದಾ ಅಂತ ಕೇಳಿದ್ದೀರಿ. ಖಂಡಿತ ಬೇಡ. ನಿಮ್ಮದು 230 ವೋಲ್ಟಿನ, ನಾಲ್ಕು ತಂತಿಯ ಮೋಟಾರ್. ಟ್ರಿಗರ್ ಕೊಡುವುದು ಹೆಚ್ಚಿನ ರಿಸೀವರ್‌ಗಳಲ್ಲಿ 100-150 ಮಿಲಿಆಂಪ್ ಅಷ್ಟೇ.

12 ವೋಲ್ಟ್ ಕಾಯಿಲ್‌ನ ಸಣ್ಣ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಬದಲಿಸುವ ಸ್ವಿಚ್) ತಂದು ಕಾಯಿಲನ್ನು ಟ್ರಿಗರ್‌ಗೆ ಜೋಡಿಸಿ, ಅದಕ್ಕೆ 30-40 ಮಿಲಿಆಂಪ್ ಸಾಕು. ರಿಲೇಯ ಕಾಮನ್ ಪಿನ್ನಿಗೆ ಫೇಸ್, ಎನ್‌ಓಗೆ (ರಿಲೇ ಆನ್ ಆದಾಗ ಕಾಮನ್‌ಗೆ ಕೂಡುವ ಪಿನ್) ಇಳಿಯುವ ತಂತಿ, ಎನ್‌ಸಿಗೆ (ಆಫ್ ಇದ್ದಾಗ ಕೂಡಿರುವ ಪಿನ್) ಏರುವ ತಂತಿ. ನ್ಯೂಟ್ರಲ್, ಅರ್ಥ್ ನೇರ ಮೋಟಾರಿಗೆ. ಹೀಗೆ ಮಾಡಿದರೆ ಎರಡೂ ಕಡೆಗೆ ಒಟ್ಟಿಗೆ ಕರೆಂಟ್ ಹೋಗುವ ಭಯವಿಲ್ಲ. ಮೋಟಾರಿನೊಳಗೆ ಲಿಮಿಟ್ ಸ್ವಿಚ್ ಇರಲೇಬೇಕು, ತುದಿಯಲ್ಲಿ ನಿಲ್ಲಿಸುವುದು ಅದೇ. ಕಾಯಿಲ್‌ಗೆ ಅಡ್ಡಲಾಗಿ ಒಂದು 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಸಣ್ಣ ಭಾಗ) ಹಾಕಿ, ಬಿಳಿ ಗೆರೆ ಪಾಸಿಟಿವ್ ಕಡೆಗೆ. ಜುಜುಬಿ ಡಯೋಡ್ ಅಂತ ಬಿಡಬೇಡಿ. ರಿಲೇ ಆಫ್ ಆದಾಗ ಕಾಯಿಲ್ ಉಲ್ಟಾ ಹೊಡೆಯುವ ವೋಲ್ಟೇಜ್ ಜಾಸ್ತಿ ಇರುತ್ತದೆ, ಅದು ರಿಸೀವರ್‌ಗೇ ನುಗ್ಗುತ್ತದೆ.

ಟ್ರಿಗರ್‌ನಿಂದ ರಿಲೇಗೆ ಹೋಗುವ ಕೇಬಲ್ 3.5 ಎಂಎಂ ಮೋನೋ. ಸಾಮಾನ್ಯವಾಗಿ ಪಿನ್ನಿನ ತುದಿ ಪಾಸಿಟಿವ್. ಆದರೂ ಮಲ್ಟಿಮೀಟರ್ ಇಟ್ಟು ನೋಡಿ. ರಿಸೀವರ್ ಮೆನುವಿನಲ್ಲಿ ಟ್ರಿಗರನ್ನು ಪ್ರೊಜೆಕ್ಟರ್ ಬಳಸುವ ಇನ್‌ಪುಟ್‌ಗೆ ಮಾತ್ರ ಕೊಡಲು ಬಂದರೆ ಕೊಡಿ. ಇಲ್ಲದಿದ್ದರೆ ಹಾಡು ಕೇಳುವಾಗಲೂ ಸ್ಕ್ರೀನ್ ಸುಮ್ನೆ ಇಳಿಯುತ್ತದೆ, ಅಲ್ವಾ? 230 ವೋಲ್ಟ್ ಕಡೆಯ ಕೆಲಸ ಮಾತ್ರ ಎಲೆಕ್ಟ್ರಿಷಿಯನ್‌ಗೆ ಬಿಡಿ.