ಪಿಎಚ್‌ಡಿ ಮಾಡುತ್ತಿರುವ ವಿಜ್ಞಾನ, ಇಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಉದ್ಯಮಕ್ಕೆ ತಯಾರು ಮಾಡುವುದು ಹೇಗೆ?

ಮೊದಲು ಅವರನ್ನು ಲ್ಯಾಬಿನಿಂದ ಹೊರಗೆ ಕಳಿಸಬೇಕು. ಬಿಸಿನೆಸ್ ಪಾಠ ಆಮೇಲೆ. ಪಿಎಚ್‌ಡಿ ಕಲಿಸುವ ಪ್ರಶ್ನೆ ‘ಇದು ಕೆಲಸ ಮಾಡುತ್ತದಾ?’, ಉದ್ಯಮದ ಪ್ರಶ್ನೆ ‘ಇದು ಯಾರಿಗೆ ಬೇಕು, ದುಡ್ಡು ಕೊಡ್ತಾರಾ?’ ಎರಡನೆಯದಕ್ಕೆ ಲ್ಯಾಬಿನಲ್ಲಿ ಉತ್ತರ ಸಿಗುವುದಿಲ್ಲ.

ನಮ್ಮ ಕಾಸರಗೋಡನ್ನೇ ತಗೊಳ್ಳಿ. ಅಡಿಕೆಗೆ ಕೊಳೆರೋಗ ಬರುವ ಮೊದಲೇ ಸೂಚನೆ ಕೊಡುವ ಸೆನ್ಸರ್ ಒಬ್ಬರು ಮಾಡಿದರು ಅಂದುಕೊಳ್ಳಿ. ಬದಿಯಡ್ಕ ಕಡೆಯ ಒಂದು ಮನೆಯ ಜಗಲಿಯಲ್ಲಿ ಕೂತು, ಕೊಟ್ಟ ಮಜ್ಜಿಗೆ ಕುಡಿದು, ಸುಮ್ನೆ ಕೇಳಿಸಿಕೊಂಡರೆ ಬರುವ ಮಾತೇ ಬೇರೆ: “ಮಳೆ ಹಿಡಿಯುವ ಮೊದಲು ಬೋರ್ಡೋ ಮದ್ದು ಬಿಡಬೇಕು ಅಂತ ನಮಗೆ ಗೊತ್ತುಂಟು ಮಾರಾಯ್ರೇ, ಮರ ಹತ್ತಲಿಕ್ಕೆ ಜನ ಎಲ್ಲಿ?” ಅವರಿಗೆ ಬೇಕಿರುವುದು ಸೆನ್ಸರ್ ಅಲ್ಲ, ನೆಲದಲ್ಲೇ ನಿಂತು ಮದ್ದು ಬಿಡುವ ದಾರಿ. ನೆಲದಿಂದಲೇ ಅಡಿಕೆ ಮರದ ತುದಿ ಮುಟ್ಟುವ ಹಗುರ ಕೋಲು, ಕಾರ್ಬನ್ ಫೈಬರ್ ದೋಟಿಗೆ ಬೇಡಿಕೆ ಬಂದದ್ದು ಅದಕ್ಕೇ ಅಲ್ವಾ?

ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 2011ರಲ್ಲಿ ಶುರು ಮಾಡಿದ ಐ-ಕೋರ್ ತರಬೇತಿ ಇದೇ ದಾರಿಯದು. ವಿದ್ಯಾರ್ಥಿ, ಪ್ರೊಫೆಸರ್, ಉದ್ಯಮದ ಅನುಭವಿ ಸೇರಿದ ತಂಡ ಕೆಲವೇ ವಾರಗಳಲ್ಲಿ 100 ಜನರನ್ನಾದರೂ ಮಾತಾಡಿಸಬೇಕು. ನನ್ನ ಪ್ರಕಾರ ಇದನ್ನು ಎರಡನೇ ವರ್ಷದಲ್ಲೇ ಮಾಡಿಸಬೇಕು, ಥೀಸಿಸ್ ಮುಗಿದ ಮೇಲೆ ದಿಕ್ಕು ಬದಲಿಸುವುದು ತುಂಬ ಕಷ್ಟ.

ಇನ್ನೊಂದು, ಪೇಟೆಂಟ್ ಅರ್ಜಿ ಹಾಕದೆ ಪೇಪರ್ ಪ್ರಕಟಿಸಬೇಡಿ. ಪ್ರಕಟವಾದ ಮೇಲೆ ಅದು ಸಾಮಾನ್ಯವಾಗಿ ‘ಹೊಸತು’ ಅಂತ ಲೆಕ್ಕಕ್ಕೆ ಬರುವುದಿಲ್ಲ.