ಫ್ರಾನ್ಸಿನ ಸಂಹಿತೆಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಗಳಿಗೆ ಲಿಯಾನ್ ನಗರದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದೆ. ಫ್ರಾನ್ಸ್ ಅಂದರೆ ವಾರಕ್ಕೆ 35 ಗಂಟೆ ಎಂದು ಕೇಳಿದ್ದೆವು. ಕರಾರುಪತ್ರದಲ್ಲಿ ಗಂಟೆಯ ಮಾತೇ ಇಲ್ಲ, ‘ಎಲ್ 3121-58, 218 ದಿನ’ ಎಂದಷ್ಟೇ ಇದೆ. ಇದು ಮೋಸವೇ? (ಬೆಂಗಳೂರು)

ಉತ್ತರ: ಮೋಸವಲ್ಲ. ಆದರೂ ಸಹಿಗೆ ಮುಂಚೆ ನೋಡಿಕೊಳ್ಳಬೇಕಾದ್ದಿದೆ. ಆ ಸಂಖ್ಯೆ ಕಾರ್ಮಿಕ ಸಂಹಿತೆಯೊಳಗಿನ (ಕೆಲಸದ ಕಾನೂನುಗಳನ್ನು ಒಟ್ಟುಗೂಡಿಸಿದ ಗ್ರಂಥ) ಒಂದು ವಿಳಾಸ: 3ನೇ ಭಾಗ, 1ನೇ ಪುಸ್ತಕ, 2ನೇ ಶೀರ್ಷಿಕೆ, 1ನೇ ಅಧ್ಯಾಯ, ಅದರಲ್ಲಿ 58ನೇ ಕಲಂ. 35 ಗಂಟೆಯ ನಿಯಮವೂ ಅದೇ ಬೀದಿಯ 27ನೇ ಮನೆಯಲ್ಲಿದೆ. 58ನೆಯದು ತಮ್ಮ ಕೆಲಸದ ವೇಳೆಯನ್ನು ತಾವೇ ಹೊಂದಿಸಿಕೊಳ್ಳುವ ‘ಕಾದ್ರ್’ (ಅಧಿಕಾರಿ, ತಜ್ಞ) ದರ್ಜೆಯವರಿಗೆ. ಅವರ ಲೆಕ್ಕ ದಿನದ ಮೇಲೆ, ವರ್ಷಕ್ಕೆ ಗರಿಷ್ಠ 218. ಹೀಗಾಗಿ ವಾರದ 35 ಗಂಟೆ, ದಿನದ 10 ಗಂಟೆಯ ಮಿತಿಗಳು ಅವರಿಗಿಲ್ಲ. ಎರಡು ಕೆಲಸದ ದಿನಗಳ ನಡುವೆ 11 ಗಂಟೆ, ವಾರಕ್ಕೊಮ್ಮೆ ಒಟ್ಟಿಗೆ 35 ಗಂಟೆ ವಿರಾಮ ಮಾತ್ರ ಕೊಡಲೇಬೇಕು. ಅದೇ 35 ಇಲ್ಲಿ ವಿರಾಮದ ಅಂಕಿಯಾಗಿ ಬಂದಿದೆ, ಗೊಂದಲ ಬೇಡ.

ಈ ಏರ್ಪಾಡು ನಿಲ್ಲಲು ಎರಡು ಕಾಗದ ಬೇಕು: ಅವಳದೇ ಲಿಖಿತ ಒಪ್ಪಿಗೆ, ಮತ್ತು ಇಂಥ ದಿನಲೆಕ್ಕಕ್ಕೆ ಅವಕಾಶ ಕೊಡುವ ಸಾಮೂಹಿಕ ಒಪ್ಪಂದ (ಕಾರ್ಮಿಕ ಸಂಘಗಳು ಮಾಲೀಕರ ಜೊತೆ ಮಾಡಿಕೊಂಡದ್ದು). ಐಟಿ ಕಂಪನಿಗಳಲ್ಲಿ ಅದು ಸಾಮಾನ್ಯವಾಗಿ ‘ಸಿಂಟೆಕ್’, ಸಂಖ್ಯೆ 1486. ಸಂಬಳದ ಚೀಟಿಯಲ್ಲೇ ಒಪ್ಪಂದದ ಹೆಸರಿರುತ್ತದೆ. ಅವಳ ದರ್ಜೆಗೆ ಒಪ್ಪಂದ ದಿನಲೆಕ್ಕ ಕೊಡುತ್ತದೆಯೇ, ಅದಕ್ಕೆ ಗೊತ್ತುಮಾಡಿದ ಕನಿಷ್ಠ ಸಂಬಳವೆಷ್ಟು ಎಂದು ತೆಗೆದು ನೋಡಲಿ. ದಿನಲೆಕ್ಕ ಎಡವುವುದು ಕೆಲಸದ ಹೊರೆಯ ವಿಷಯದಲ್ಲಿ. ಹೊರೆ ಮಿತಿಯಲ್ಲಿದೆಯೇ ಎಂದು ಕಂಪನಿ ಆಗಾಗ ಪರಿಶೀಲಿಸಬೇಕು, ಸುಮ್ಮನೆ ಕೂತರೆ ದಿನಲೆಕ್ಕವೇ ಬಿದ್ದುಹೋಗಬಹುದು. ಆಗ 35 ಗಂಟೆ ಮೀರಿ ದುಡಿದದ್ದನ್ನೆಲ್ಲ ಓವರ್‌ಟೈಮ್ ಎಂದು ಕಾರ್ಮಿಕ ನ್ಯಾಯಾಲಯದಲ್ಲಿ ಕೇಳಬಹುದು, 3 ವರ್ಷದ ಹಿಂದಿನವರೆಗೆ. ಸಿಂಟೆಕ್ ಒಪ್ಪಂದದ ರಕ್ಷಣೆಗಳೇ ಸಾಲವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2013ರ ಏಪ್ರಿಲ್‌ನಲ್ಲಿ ಹೇಳಿದ ಮೇಲೆ ಅದನ್ನು ತಿದ್ದಬೇಕಾಯಿತು. ಲಾಗಿನ್ ಸಮಯ, ರಾತ್ರಿ ಕಳಿಸಿದ ಮೇಲ್ ಇವನ್ನೆಲ್ಲ ಮೊದಲ ದಿನದಿಂದಲೇ ಎತ್ತಿಟ್ಟುಕೊಳ್ಳಲಿ.

ಪ್ರಶ್ನೆ: ಬಾಡಿಗೆ ಕಾರಿನಲ್ಲಿ ಊರೊಳಗೆ 50ರ ಮಿತಿ ಮೀರಿದ್ದಕ್ಕೆ ದಂಡದ ಚೀಟಿ ಬಂತು. ಕಡಿಮೆ ಆಗುತ್ತದೆಂದು 90 ಯೂರೋ ಕಟ್ಟಿಬಿಟ್ಟೆ. ಈಗ ನೋಡಿದರೆ ಆ ಹೊತ್ತು ಗಾಡಿ ಓಡಿಸುತ್ತಿದ್ದವನು ಸ್ನೇಹಿತ. ತಕರಾರು ಹಾಕಬಹುದೇ? (ಮೈಸೂರು)

ಉತ್ತರ: ಆಗುವುದಿಲ್ಲ. ಹಣ ಕಟ್ಟಿದರೆ ತಪ್ಪೊಪ್ಪಿಕೊಂಡಂತೆ, ಪ್ರಕರಣ ಅಲ್ಲಿಗೆ ಮುಗಿಯಿತು. ಕಟ್ಟದೆ, 45 ದಿನದೊಳಗೆ ಚಾಲಕನ ಹೆಸರು ತಿಳಿಸಿದ್ದರೆ ಚೀಟಿ ಅವರಿಗೆ ಹೋಗುತ್ತಿತ್ತು. ಇಂಥ ಚೀಟಿಗೆ ಮೂಲದರ 135 ಯೂರೋ, 15 ದಿನದೊಳಗೆ ಕಟ್ಟಿದರೆ 90, 45 ದಿನ ದಾಟಿದರೆ 375. ಆನ್‌ಲೈನ್‌ನಲ್ಲಿ ಕಟ್ಟುವವರಿಗೆ ಎರಡೂ ಗಡುವಿಗೆ 15 ದಿನ ಹೆಚ್ಚು. ‘ಕ್ಯಾಮೆರಾ ತಪ್ಪು ತೋರಿಸಿದೆ’ ಎಂದು ವಾದಿಸುವುದಾದರೆ ಮೊದಲು ಮೂಲದರದಷ್ಟು ಹಣ ಠೇವಣಿ ಇಡಬೇಕು.

ಇಷ್ಟು ಚಿಕ್ಕ ಚೀಟಿಯ ಹಿಂದೆ ಮೂರು ಸಂಹಿತೆಗಳಿವೆ. ವೇಗಮಿತಿ ರಸ್ತೆ ಸಂಹಿತೆಯ ಆರ್ 413-3ರಲ್ಲಿ, ಈ ತಪ್ಪು ಸೇರುವ ನಾಲ್ಕನೇ ದರ್ಜೆಗೆ 750 ಯೂರೋ ಗರಿಷ್ಠ ದಂಡ ದಂಡಸಂಹಿತೆಯಲ್ಲಿ, 135ರ ದರ ಮತ್ತು ಗಡುವು ದಂಡಪ್ರಕ್ರಿಯೆ ಸಂಹಿತೆಯಲ್ಲಿ. ಸಂಖ್ಯೆಯ ಮುಂದಿನ ಅಕ್ಷರವನ್ನೂ ಗಮನಿಸಿ. ‘ಎಲ್’ ಇದ್ದರೆ ಶಾಸನದ ಮಟ್ಟದ ನಿಯಮ. ‘ಆರ್’ ಅಂದರೆ ರಾಜ್ಯಪರಿಷತ್ತಿನ (ಸರ್ಕಾರಕ್ಕೆ ಕಾನೂನು ಸಲಹೆ ಕೊಡುವ ಸಂಸ್ಥೆ) ಅಭಿಪ್ರಾಯ ಪಡೆದು ಸರ್ಕಾರ ಹೊರಡಿಸಿದ ಆದೇಶ, ‘ಡಿ’ ಸಾದಾ ಆದೇಶ. 2018ರ ಜುಲೈನಲ್ಲಿ, ನಡುವೆ ವಿಭಜಕವಿಲ್ಲದ ಜೋಡಿ ದಿಕ್ಕಿನ ಹೊರವಲಯದ ರಸ್ತೆಗಳ ಮಿತಿ 90ರಿಂದ 80ಕ್ಕೆ ಇಳಿದದ್ದು ಇಂಥ ‘ಆರ್’ ಕಲಂ ತಿದ್ದಿಯೇ. ಅದಕ್ಕೆ ಸಂಸತ್ತಿನ ಮತ ಬೇಕಾಗಲಿಲ್ಲ.

ಪ್ರಶ್ನೆ: ಗ್ರೆನೋಬಲ್‌ನಲ್ಲಿ ಮಗ ಮನೆ ಖಾಲಿ ಮಾಡಿ ಮೂರು ತಿಂಗಳಾಯಿತು. ಅಡ್ವಾನ್ಸ್ ವಾಪಸ್ ಬಂದಿಲ್ಲ. ಯಾವ ಸಂಹಿತೆ ನೋಡಬೇಕು? (ಧಾರವಾಡ)

ಉತ್ತರ: ಎಪ್ಪತ್ತಕ್ಕೂ ಹೆಚ್ಚು ಸಂಹಿತೆಗಳಿರುವ ದೇಶದಲ್ಲಿ ವಾಸದ ಬಾಡಿಗೆಯ ಮುಖ್ಯ ಕಾಯ್ದೆ ಯಾವ ಸಂಹಿತೆಗೂ ಸೇರಿಲ್ಲ! 6 ಜುಲೈ 1989ರ ಕಾಯ್ದೆ ನೋಡಿ. ಪೀಠೋಪಕರಣವಿಲ್ಲದ ಮನೆಗೆ ಒಂದು ತಿಂಗಳ, ಇರುವ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಕೇಳುವಂತಿಲ್ಲ. ಬಿಡುವಾಗಿನ ತಪಾಸಣಾ ಪಟ್ಟಿ ಸೇರುವಾಗಿನದಕ್ಕೆ ಹೊಂದಿದರೆ ಬೀಗದ ಕೈ ಕೊಟ್ಟ ಒಂದು ತಿಂಗಳಲ್ಲಿ, ಹೊಂದದಿದ್ದರೆ ಎರಡು ತಿಂಗಳಲ್ಲಿ ಹಣ ಹಿಂದಿರುಗಬೇಕು. ತಡವಾದ ಪ್ರತಿ ತಿಂಗಳಿಗೂ ತಿಂಗಳ ಬಾಡಿಗೆಯ ಶೇ 10 ಹೆಚ್ಚುವರಿ. ಮಗ ತನ್ನ ಹೊಸ ವಿಳಾಸ ತಿಳಿಸದೆ ಹೋದದ್ದರಿಂದ ತಡವಾಗಿದ್ದರೆ ಈ ಶೇ 10 ಸಿಗದು. ವಿಳಾಸ ಸಮೇತ ಸ್ವೀಕೃತಿಪತ್ರವಿರುವ ರಿಜಿಸ್ಟರ್ಡ್ ಪತ್ರ ಇವತ್ತೇ ಕಳಿಸಲಿ.

ಪ್ರಶ್ನೆ: ಹಳೆಯ ಪಠ್ಯದಲ್ಲಿ ನಷ್ಟಪರಿಹಾರಕ್ಕೆ ನಾಗರಿಕ ಸಂಹಿತೆಯ ಕಲಂ 1382 ಎಂದಿದೆ. ಜಾಲತಾಣದಲ್ಲಿ ಆ ಸಂಖ್ಯೆಯಡಿ ಬೇರೇನೋ ಇದೆ. (ಕಾನೂನು ವಿದ್ಯಾರ್ಥಿ, ಮಂಗಳೂರು)

ಉತ್ತರ: 1804ರಿಂದ ಇದ್ದ ಆ ಸಂಖ್ಯೆ 1 ಅಕ್ಟೋಬರ್ 2016ರಿಂದ 1240 ಆಗಿದೆ, ಒಕ್ಕಣೆ ಮಾತ್ರ ಹಾಗೇ ಉಳಿದಿದೆ. ಸರ್ಕಾರದ ಉಚಿತ ತಾಣ ಲೇಜಿಫ್ರಾನ್ಸ್‌ನಲ್ಲಿ ಪ್ರತಿ ಕಲಮಿಗೂ ದಿನಾಂಕವಾರು ಆವೃತ್ತಿಗಳಿವೆ. ಘಟನೆ ನಡೆದ ದಿನಾಂಕ ಕೊಟ್ಟು ಅಂದಿನ ಪಾಠ ಓದಿ.