ಗಂಡುಗರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣುಗರು ಮುಂದೆ ಗಬ್ಬ ಕಟ್ಟುತ್ತದೆಯೇ?

ಹೆಚ್ಚಾಗಿ ಇಲ್ಲ. ಇಂಥ ಹತ್ತು ಹೆಣ್ಣುಗರುಗಳಲ್ಲಿ ಸುಮಾರು ಒಂಬತ್ತು ಬಂಜೆ. ಇವಕ್ಕೆ ಫ್ರೀಮಾರ್ಟಿನ್ ಎನ್ನುತ್ತಾರೆ.

ಹಸುವಿನಲ್ಲಿ ಅವಳಿ ಭ್ರೂಣಗಳ ಮಾಸುಗಳು ಗರ್ಭದ ಎರಡನೇ ತಿಂಗಳಲ್ಲೇ ಕೂಡಿಕೊಂಡು ರಕ್ತನಾಳಗಳು ಒಂದಾಗುತ್ತವೆ. ಗಂಡು ಭ್ರೂಣದ ವೃಷಣ ಅಂಡಾಶಯಕ್ಕಿಂತ ಮೊದಲೇ ಕೆಲಸ ಶುರುಮಾಡುತ್ತದೆ. ಅದು ಸ್ರವಿಸುವ ಆಂಟಿ-ಮುಲ್ಲೇರಿಯನ್ ಹಾರ್ಮೋನು ತಂಗಿಯ ರಕ್ತಕ್ಕೂ ಸೇರಿ, ಗರ್ಭಕೋಶವಾಗಬೇಕಿದ್ದ ನಾಳಗಳನ್ನು ಕರಗಿಸುತ್ತದೆ. ಅಂಡಾಶಯವೂ ಬೆಳೆಯದೆ ಉಳಿಯುತ್ತದೆ. ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನ್ ಒಂದೇ ಕಾರಣ ಎಂಬ ವಿವರಣೆ ಸಾಲದು. ಹಾಗಿದ್ದರೆ ಹೊರಗಿನ ಜನನಾಂಗವೂ ಗಂಡಿನಂತಾಗಬೇಕಿತ್ತು, ಆದರೆ ಅದು ಬಹುತೇಕ ಹೆಣ್ಣಿನದ್ದೇ ಆಗಿರುತ್ತದೆ. ಹೊರನೋಟಕ್ಕೆ ಮೋಸಹೋಗುವುದು ಇದರಿಂದಲೇ.

ಪರೀಕ್ಷೆ ಮೊದಲ ಕೆಲವು ವಾರಗಳಲ್ಲೇ ಆಗಲಿ. ಮೊಂಡು ತುದಿಯ, ಬೆರಳು ದಪ್ಪದ ನಯವಾದ ಕೊಳವೆಗೆ ಜಾರುಕ ಹಚ್ಚಿ, ಯೋನಿಯೊಳಗೆ ಮೆಲ್ಲಗೆ ಬಿಡಬೇಕು. ಸಹಜ ಕರುವಿನಲ್ಲಿ ಅದು 13–15 ಸೆಂ.ಮೀ. ಹೋಗುತ್ತದೆ, ಫ್ರೀಮಾರ್ಟಿನ್‌ನಲ್ಲಿ 5–8 ಸೆಂ.ಮೀ.ಗೇ ನಿಲ್ಲುತ್ತದೆ. ದಯವಿಟ್ಟು ಒತ್ತಬೇಡಿ, ಗೋಡೆ ಹರಿಯುತ್ತದೆ. ಪಶುವೈದ್ಯರಿಂದ ಮಾಡಿಸುವುದೇ ಒಳ್ಳೆಯದು. ಅಳತೆ ಅನುಮಾನ ಹುಟ್ಟಿಸಿದರೆ ರಕ್ತದ ಪಿಸಿಆರ್ (ಡಿಎನ್‌ಎ ಪರೀಕ್ಷೆ) ಮಾಡಿಸಿ: ಅಣ್ಣನಿಂದ ಬಂದ ವೈ ವರ್ಣತಂತುವಿನ ಜೀವಕೋಶಗಳು ಸಿಕ್ಕರೆ ಸಂಶಯ ಉಳಿಯದು.

ಒಂದೇ ಕರು ಹುಟ್ಟಿದರೂ ಈ ಸಾಧ್ಯತೆ ಇದ್ದೇ ಇದೆ. ನಾಳಗಳು ಕೂಡಿದ ಮೇಲೆ ಗಂಡು ಭ್ರೂಣ ಸತ್ತಿದ್ದರೆ ಹೆಣ್ಣಿಗೆ ಆಗಬೇಕಾದ ಹಾನಿ ಆಗಿಹೋಗಿರುತ್ತದೆ. ಬೆದೆಗೇ ಬಾರದ ಕಡಸನ್ನು ಪರೀಕ್ಷಿಸುವಾಗ ಇದನ್ನೂ ನೋಡಿಸಿ. ಕುರಿ, ಮೇಕೆಗಳಲ್ಲಿ ಮಾಸಿನ ನಾಳಗಳು ಕೂಡುವುದು ಅಪರೂಪ. ಅಲ್ಲಿ ಅವಳಿ ಹೆಣ್ಣುಮರಿಗಳು ಸಾಮಾನ್ಯವಾಗಿ ಸಹಜವಾಗಿಯೇ ಮರಿಹಾಕುತ್ತವೆ.